ಗಣಕ ಎಂದರೆ ಯಾರು?

ಹಳೆಯ ಗಣಕಯಂತ್ರಗಳಿಗಾಗಿ ಅಮೆರಿಕದಲ್ಲಿ 1979ರಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೆ ಮೊದಲಿದ್ದ ಹೆಸರು ಡಿಜಿಟಲ್ ಕಂಪ್ಯೂಟರ್ ಮ್ಯೂಸಿಯಂ. ಡಿಜಿಟಲ್ ಎಂಬುದು ಅದನ್ನು ಸಾಕಿದ ಕಂಪನಿಯ ಹೆಸರೂ ಹೌದು. 1984ರಲ್ಲಿ ಬಾಸ್ಟನ್ನಿಗೆ ಹೋಗುವ ಹೊತ್ತಿಗೆ ಆ ಪದ ಬಿದ್ದುಹೋಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ನೆಲೆನಿಂತ ಮೇಲೆ 'ಹಿಸ್ಟರಿ' ಬಂದು ಸೇರಿತು. ಏನೇ ಬದಲಾದರೂ ಹೆಸರಿನಲ್ಲಿ ಯಂತ್ರ ಅಲುಗಾಡದೆ ಕೂತಿದೆ. ಕಂಪ್ಯೂಟರ್ ಎಂದರೆ ಹಿಂದೆ ಲೆಕ್ಕ ಮಾಡುವ ಮನುಷ್ಯ. ನಮ್ಮ ಗಣಕನೂ ಅಷ್ಟೇ: ಲೆಕ್ಕಿಗ, ಜೋಯಿಸ. ಕೊಡಲಿಯಿಂದ ಮರ ಕಡಿದರೆ ಕೊಡಲಿ ಕರಣ, ಕಡಿದವನು ಕರ್ತೃ ಎಂದು ವ್ಯಾಕರಣ ಹೇಳುತ್ತದೆ. ಎಣಿಕೆಯ ಮಾತು ಬಂದಾಗ ಮಾತ್ರ ಕರ್ತೃಪದವನ್ನು ಕೊಡಲಿಗೆ ಕೊಟ್ಟದ್ದು ಸರಿಯೇ?

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಇಂಥ ಸಂಗ್ರಹಾಲಯ ಕಟ್ಟುವುದಾದರೆ ಮೊದಲ ಕೋಣೆ ಊರಿನ ಲೆಕ್ಕ ಬರೆಯುತ್ತಿದ್ದ ಕುಲಕರ್ಣಿಯ ದಫ್ತರಕ್ಕೆ ಸಲ್ಲಬೇಕು. ಆ ಹೆಸರಿನೊಳಗೇ ಕರಣವಿದೆ, ದಾಖಲೆ ಎಂಬ ಅರ್ಥದ ಕರಣ. ಅಂದು ಮನುಷ್ಯನನ್ನು ಉಪಕರಣದ ಹೆಸರಿನಿಂದ ಕರೆದೆವು. ಇಂದು ಉಪಕರಣವನ್ನು ಮನುಷ್ಯನ ಹೆಸರಿನಿಂದ ಕರೆಯುತ್ತಿದ್ದೇವೆ. ವಂಶಪಾರಂಪರ್ಯದ ಆ ಹುದ್ದೆಯನ್ನು 1950ರ ಕಾಯ್ದೆ ರದ್ದು ಮಾಡಿತು. ಮುಂದೆ ಜಮೀನಿನ ದಾಖಲೆಗಳನ್ನು ಗಣಕೀಕರಿಸಿದ ಭೂಮಿ ಯೋಜನೆ ಬಂದು ಕೈಬರಹದ ಉತಾರಕ್ಕೂ ಮಾನ್ಯತೆ ಹೋಯಿತು. ಊರಿನ ಲೆಕ್ಕ ಒಬ್ಬನ ಕೈಯಲ್ಲಿದ್ದಾಗ ರೈತ ಪಟ್ಟ ಪಾಡು ಸಣ್ಣದಲ್ಲ, ಯಂತ್ರ ಅದರಿಂದ ಬಿಡಿಸಿತು, ಆ ಕೈಗೆ ಮತ್ತೆ ಗೌರವವೇಕೆ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಯಂತ್ರದ ಹೆಸರಿನ ಮನೆಯಲ್ಲಿ ಆ ಕೈಯ ಕೌಶಲದಂತೆ ಅದರ ದಬ್ಬಾಳಿಕೆಗೂ ಜಾಗವಿರುವುದಿಲ್ಲ.

ಸಂಗ್ರಹಾಲಯ ವಸ್ತುಗಳ ಮನೆ, ಕರ್ತೃವನ್ನು ಕಪಾಟಿನಲ್ಲಿಡಲಾಗದು ಎಂಬುದು ಇನ್ನೊಂದು ವಾದ. ಗಣಿತಜ್ಞ ಬ್ಯಾಬೇಜ್ ಬದುಕಿದ್ದಾಗ ಕಟ್ಟಲಾಗದ ಯಂತ್ರದ ಲೆಕ್ಕದ ಭಾಗವನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂ 1991ರಲ್ಲಿ ಅವನ ನಕ್ಷೆ ನೋಡಿ ಕಟ್ಟಿತು. ಅಲ್ಲಿ ಉಳಿದದ್ದು ಹಳೆಯ ವಸ್ತುವಲ್ಲ, ಒಬ್ಬನ ಯೋಚನೆ. ಗಜೇಂದ್ರಗಡದ ಮಗ್ಗವೂ ಹಾಗೆಯೇ. ಪಟ್ಟೇದಂಚು ಸೀರೆಯ ಚೌಕಳಿ ಹಾಸು ಹೊಕ್ಕಿನ ಎಣಿಕೆಯಲ್ಲಿದೆ; ನೇಯುವವರಿಲ್ಲದ ಮಗ್ಗ ಬರೀ ಕಟ್ಟಿಗೆ. ಹೆಸರಿನ ಗೊಡವೆ ಪಂಡಿತರಿಗೆ ಮಾತ್ರ ಅನ್ನುವವರು ತಹಶೀಲ್ದಾರ ಕಚೇರಿಗೆ ಬರಲಿ. ಉತಾರದಲ್ಲಿ ಹೆಸರು ತಪ್ಪಿ ಬಂದರೆ ತಪ್ಪು ಕಂಪ್ಯೂಟರಿನದು. ಅದನ್ನು ತಿದ್ದಲು ಮಾತ್ರ ಅಧಿಕಾರಿಯ ಸಹಿ ಬೇಕು.