ಮರೆತುಹೋದ ಪಾಲು

ಈ ಲೇಖನ ಓದಿ ಮುಗಿಸಿದ ಮೇಲೆ ದಯವಿಟ್ಟು ಅಡುಗೆಮನೆಗೆ ಹೋಗಿ ಫ್ರೀಝರಿನ ಬಾಗಿಲು ತೆರೆಯಿರಿ. ಮುಂದಿನ ಸಾಲಿನಲ್ಲಿರುವುದು ನಿಮಗೆ ಗೊತ್ತಿರುತ್ತದೆ. ಮಂಜುಗಡ್ಡೆಯ ಹಿಂದೆ ಏನಿದೆಯೆಂದು ಕೈ ಹಾಕಿ ನೋಡಿರಿ. ಯಾಕೆಂದು ಹೇಳುತ್ತೇನೆ.

ಕಳೆದ ಬಕ್ರೀದಿಗೆ ಒಂದು ವಾರ ಇರುವಾಗ, ಹೊಸ ಮಾಂಸಕ್ಕೆ ಜಾಗವಾಗಲೆಂದು ನನ್ನ ಪತ್ನಿ ಫ್ರೀಝರ್ ತೊಳೆಯತೊಡಗಿದಳು. ಮಂಜು ಕರಗಿದಾಗ ಹಿಂಬದಿಗೆ ಅಂಟಿಕೊಂಡಿದ್ದ ಒಂದು ಪ್ಲಾಸ್ಟಿಕ್ ಕಟ್ಟು ಕಳಚಿ ಬಂತು. ಒಳಗೆ ಸುಮಾರು ಒಂದು ಕಿಲೋ ಆಡಿನ ಮಾಂಸ. ಬಣ್ಣಗೆಟ್ಟು, ಅಂಚು ಒಣಗಿ ತೊಗಟೆಯಂತಾಗಿತ್ತು. ಮೇಲೊಂದು ಚೀಟಿ. ಅದರಲ್ಲಿ ನನ್ನದೇ ಕೈಬರಹ: 'ಕೊಡಲಿಕ್ಕೆ.'

ಅದು ಹಿಂದಿನ ವರ್ಷದ ಕುರ್ಬಾನಿಯ ಮಾಂಸ. ಬಡವರ ಪಾಲಿನಲ್ಲಿ ಒಂದು ಕಟ್ಟನ್ನು ಬೇರೆ ಊರಿನ ಒಬ್ಬರಿಗೆಂದು ತೆಗೆದಿಟ್ಟಿದ್ದೆ. ಅವರು ಬರಲಿಲ್ಲ. ನಾನು ಮರೆತೆ.

ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ಬಕ್ರೀದ್ ಕಳೆದು ಎರಡು ತಿಂಗಳಾಗಿತ್ತು. ನನ್ನ ಮದ್ರಸದ ಒಬ್ಬ ವಿದ್ಯಾರ್ಥಿ, ತಂದೆಯಿಲ್ಲದ ಹುಡುಗ, ಮಗ್ರಿಬಿನ ಬಳಿಕ ಬಾಗಿಲಿಗೆ ಬಂದ. "ಉಸ್ತಾದರೇ, ಅಕ್ಕ ಬಾಣಂತಿ. ಸಾರಿಗೆ ಸ್ವಲ್ಪ ಮಾಂಸ ಇದ್ದರೆ ಕೊಡಬೇಕಂತೆ, ಉಮ್ಮ ಕೇಳಿದ್ದಾರೆ" ಎಂದ. "ಎಲ್ಲ ಮುಗಿಯಿತಲ್ಲ ಮಗಾ" ಎಂದೆ. ಅವನು ಸಲಾಂ ಹೇಳಿ ಹೋದ. ಆಗ ಆ ಕಟ್ಟು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು.

ನಾನು ಸುಳ್ಳು ಹೇಳಿದೆನೇ? ಇಲ್ಲ. ಸುಳ್ಳುಗಾರನಿಗೆ ಸತ್ಯ ತಿಳಿದಿರುತ್ತದೆ, ನನಗೆ ತಿಳಿದಿರಲಿಲ್ಲ. ಮರೆವಿಗೆ ಶಿಕ್ಷಿಸಬೇಡವೆಂದು ಬೇಡಿಕೊಳ್ಳಲು ಸೂರಃ ಅಲ್ ಬಕರಃದ ಕೊನೆಯ ವಚನದಲ್ಲಿ ಅಲ್ಲಾಹನೇ ನಮಗೆ ಕಲಿಸಿದ್ದಾನೆ. ಉಪವಾಸಿಗನು ಮರೆತು ಉಂಡರೆ ಅವನ ಉಪವಾಸ ಮುರಿಯುವುದಿಲ್ಲವೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಇದನ್ನೆಲ್ಲ ಮಕ್ಕಳಿಗೆ ಹೇಳಿಕೊಡುವವನೇ ನಾನು. ಆದರೂ ಆ ರಾತ್ರಿ ನನಗೆ ಸಮಾಧಾನವಾಗಲಿಲ್ಲ.

ಕಾರಣವಿದೆ. ಮರೆತು ಉಂಡ ಉಪವಾಸಿಗನ ವಿಷಯ ಅವನಿಗೂ ಅಲ್ಲಾಹನಿಗೂ ಸಂಬಂಧಿಸಿದ್ದು. ಅಲ್ಲಿ ಇನ್ನೊಬ್ಬರ ಹಕ್ಕು ಇಲ್ಲ. ಆದರೆ ಯಾರದೋ ವಸ್ತುವನ್ನು ಅಮಾನತ್ತಾಗಿ ಇರಿಸಿಕೊಂಡವನು ನಿರ್ಲಕ್ಷ್ಯದಿಂದ ಅದನ್ನು ಹಾಳುಗೆಡವಿದರೆ ನಷ್ಟ ತುಂಬಿಕೊಡಬೇಕೆಂದು ಫಿಕ್‌ಹ್‌ನ ಗ್ರಂಥಗಳು ಹೇಳುತ್ತವೆ. ಮರೆವು ಪಾಪವನ್ನು ಇಳಿಸಬಹುದು, ಇನ್ನೊಬ್ಬರ ಹಕ್ಕನ್ನು ಅಳಿಸಲಾರದು. 'ಕೊಡಲಿಕ್ಕೆ' ಎಂದು ಬರೆದ ಮೇಲೆ ಆ ಮಾಂಸ ನನ್ನದಾಗಿರಲಿಲ್ಲ. ನಾನು ಅದರ ಕಾವಲುಗಾರ ಮಾತ್ರನಾಗಿದ್ದೆ.

ಹಾಗಾದರೆ ಮಾಂಸ ಕಾದಿಡುವುದೇ ತಪ್ಪೇ? ಈ ಪ್ರಶ್ನೆ ಪ್ರವಾದಿ(ಸ)ರ ಕಾಲದಲ್ಲೇ ಎದ್ದಿತ್ತು. ಒಂದು ವರ್ಷ ಬಲಿಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇರಿಸಬಾರದೆಂದು ಅವರು ವಿಧಿಸಿದರು. ಮರುವರ್ಷ ಅನುಯಾಯಿಗಳು, ಈ ಸಲವೂ ಹಾಗೆಯೇ ಮಾಡಬೇಕೇ ಎಂದು ವಿಚಾರಿಸಿದರು. ತಿನ್ನಲೂ ತಿನ್ನಿಸಲೂ ಕಾದಿಡಲೂ ಪ್ರವಾದಿ(ಸ) ಅನುಮತಿ ನೀಡಿ, ಹಿಂದಿನ ವರ್ಷ ಜನರು ಕಷ್ಟದಲ್ಲಿದ್ದರು, ನೀವು ಅವರಿಗೆ ನೆರವಾಗಬೇಕೆಂದು ಬಯಸಿದ್ದೆ ಎಂಬರ್ಥದಲ್ಲಿ ಕಾರಣ ವಿವರಿಸಿದರು. ಇದು ಬುಖಾರಿಯ ವರದಿಯ ಸಾರ. ಮರುಭೂಮಿಯ ಬಡಜನರು ಹಬ್ಬದ ಹೊತ್ತಿಗೆ ಮದೀನಕ್ಕೆ ಬಂದಿದ್ದರೆಂದು ಹ. ಆಯಿಶಾ(ರ)ರ ವರದಿ ಮುಸ್ಲಿಮ್‌ನಲ್ಲಿದೆ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ನಿಷೇಧ ಬಂದದ್ದು ಬಾಗಿಲಲ್ಲಿ ಹಸಿದವನು ನಿಂತಿದ್ದ ಕಾರಣಕ್ಕೆ. ಅನುಮತಿ ಬಂದದ್ದು ಆ ಕಷ್ಟ ತೀರಿದ ಕಾರಣಕ್ಕೆ. ಅಂದಿನವರು ಮಾಂಸವನ್ನು ಸೀಳಿ, ಉಪ್ಪು ಹಚ್ಚಿ, ಬಿಸಿಲಿಗೆ ಒಣಗಿಸಿ ಇಡುತ್ತಿದ್ದರು. ಇಂದು ಮೈನಸ್ 18 ಡಿಗ್ರಿಯ ಪೆಟ್ಟಿಗೆ ಬಂದಿದೆ. ಸಾಧನ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ. ಎಷ್ಟು ದಿನ ಇಡಬಹುದೆಂದು ನಾವು ಕೇಳುತ್ತೇವೆ. ಇಟ್ಟಿರುವಾಗ ಬಾಗಿಲಿಗೆ ಯಾರು ಬಂದರೆಂದು ಕೇಳುವುದಿಲ್ಲ.

ಒಣಗಲು ಹಾಕಿದ ಮಾಂಸ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಮನೆಯಲ್ಲಿ ಇದೆಯೆಂದು ನೆರೆಯವನಿಗೂ ಗೊತ್ತು, ಇಟ್ಟವನಿಗೂ ಗೊತ್ತು. ಫ್ರೀಝರ್ ಬಾಗಿಲು ಮುಚ್ಚಿದರೆ ಮುಗಿಯಿತು. ಕೊಳೆತು ವಾಸನೆ ಬಂದು ನೆನಪಿಸುವುದೂ ಇಲ್ಲ. ಕನ್ನಡಿಗರು ಫ್ರಿಜ್ಜಿಗೆ ತಮಾಷೆಗೆ 'ತಂಗಳ ಪೆಟ್ಟಿಗೆ' ಎನ್ನುತ್ತಾರೆ. ತಂಗಳು ಎಂದರೆ ಮರುದಿನ ಉಣ್ಣುವ ಅನ್ನ. ವರ್ಷಗಟ್ಟಲೆ ಮರೆತು ಬಿಟ್ಟದ್ದಕ್ಕೆ ನಮ್ಮ ಹಿರಿಯರ ಭಾಷೆಯಲ್ಲಿ ಹೆಸರೇ ಇಲ್ಲ, ಅವರಿಗೆ ಅದರ ಅಗತ್ಯ ಬೀಳಲಿಲ್ಲ.

ಯಂತ್ರವನ್ನು ದೂರುವುದು ನನ್ನ ಉದ್ದೇಶವಲ್ಲ. ಹಜ್ಜಿನ ಕಾಲದಲ್ಲಿ ಮಿನಾದಲ್ಲಿ ಅಪಾರ ಬಲಿಮಾಂಸ ಒಮ್ಮೆ ವ್ಯರ್ಥವಾಗಿ ಮಣ್ಣುಪಾಲಾಗುತ್ತಿತ್ತು. 1983ರಲ್ಲಿ ಸೌದಿ ಅರೇಬಿಯದಲ್ಲಿ ಆರಂಭವಾದ ಯೋಜನೆಯ ಮೂಲಕ ಆ ಮಾಂಸವನ್ನು ಶೈತ್ಯೀಕರಿಸಿ ಹರಮ್‌ನ ಬಡವರಿಗೂ ಹಲವು ದೇಶಗಳ ಬಡವರಿಗೂ ತಲುಪಿಸಲಾಗುತ್ತಿದೆ. ಅಲ್ಲಿ ಕೂಡಾ ಇರುವುದು ಅದೇ ಶೀತ. ಆದರೆ ಅದು ದೂರದ ಹಸಿದವನ ತನಕ ಮಾಂಸವನ್ನು ಕಾಯುತ್ತದೆ. ನನ್ನ ಮನೆಯಲ್ಲಿ ಅದು ಹತ್ತಿರದ ಹಸಿದವನಿಂದ ಮಾಂಸವನ್ನು ಅಡಗಿಸಿಟ್ಟಿತು.

ಆ ಕಟ್ಟನ್ನು ಏನು ಮಾಡಿದೆನೆಂದು ನೀವು ಕೇಳಬಹುದು. ನಮ್ಮೂರಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಅದು ಎಷ್ಟು ಸಲ ಕರಗಿ ಮತ್ತೆ ಗಟ್ಟಿಯಾಗಿತ್ತೋ ತಿಳಿಯದು. ನಾವು ತಿನ್ನಲು ಅಂಜಿದ್ದನ್ನು ಬಡವರಿಗೆ ಕೊಡುವುದು ದಾನವಲ್ಲ. ತೆಂಗಿನ ಬುಡದಲ್ಲಿ ಹೂತೆ. ಮರುದಿನ ಪೇಟೆಯಿಂದ ಅಷ್ಟೇ ತೂಕದ ತಾಜಾ ಮಾಂಸ ತಂದು ಆ ಹುಡುಗನ ಮನೆಗೆ ಹೋಗಿ, ನಡೆದುದನ್ನು ಮುಚ್ಚಿಡದೆ ಹೇಳಿದೆ. ಅವನ ತಾಯಿ ಬಾಗಿಲ ಮರೆಯಿಂದ ಹೇಳಿದರು: "ಬೇಸರ ಮಾಡಬೇಡಿ ಉಸ್ತಾದರೇ. ಅಂದು ಮಗನನ್ನು ನಾಲ್ಕು ಮನೆಗೆ ಕಳಿಸಿದ್ದೆ. ನಾಲ್ಕು ಕಡೆಯೂ ಮುಗಿದಿದೆ ಎಂದರು."

ನಾಲ್ಕು ಮನೆಗಳು. ಉಳಿದ ಮೂರರ ಲೆಕ್ಕ ನನಗೆ ಬೇಡ. ನನ್ನದು ನನಗೆ ಗೊತ್ತು.

ಪ್ರವಾದಿ(ಸ)ರ ಮನೆಯ ಒಂದು ಪ್ರಸಂಗ ತಿರ್ಮಿದಿಯಲ್ಲಿದೆ. ಆಡನ್ನು ದಿಬ್‌ಹ್ ಮಾಡಿ ಹಂಚಲಾಗಿತ್ತು. ಏನು ಉಳಿಯಿತೆಂದು ಪ್ರವಾದಿ(ಸ) ಕೇಳಿದಾಗ, ಹೆಗಲಿನ ಭಾಗ ಮಾತ್ರ ಎಂದು ಹ. ಆಯಿಶಾ(ರ) ಉತ್ತರಿಸಿದರು. ಹಾಗಲ್ಲ, ಆ ಹೆಗಲಿನ ಹೊರತು ಉಳಿದುದೆಲ್ಲವೂ ಉಳಿಯಿತು ಎಂಬರ್ಥದಲ್ಲಿ ಪ್ರವಾದಿ(ಸ) ಅದನ್ನು ತಿದ್ದಿದರು. ಕೊಟ್ಟದ್ದು ಅಲ್ಲಾಹನ ಬಳಿ ಉಳಿಯಿತು. ಈ ಲೆಕ್ಕದಲ್ಲಿ ನನ್ನ ಆ ಕಟ್ಟನ್ನು ಎಲ್ಲಿ ಬರೆಯಲಿ? ಹೊಟ್ಟೆಗೂ ಸೇರಲಿಲ್ಲ, ಅಲ್ಲಾಹನ ಬಳಿಗೂ ಸೇರಲಿಲ್ಲ. ಬಲಿಪ್ರಾಣಿಯ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನಿಗೆ ತಲುಪುವುದಿಲ್ಲ, ತಲುಪುವುದು ನಮ್ಮ ತಖ್ವಾ ಎಂದು ಸೂರಃ ಅಲ್ ಹಜ್ಜ್ ಕಲಿಸುತ್ತದೆ. ತಖ್ವಾ ಅಂದರೆ ಎಚ್ಚರ. ಎಚ್ಚರದ ವಿರುದ್ಧ ಪದ ಮರೆವು ಅಲ್ಲವೇ?

ಈಗ ನಮ್ಮ ಮನೆಯಲ್ಲಿ ಕೆಲವು ರೂಢಿ ಮಾಡಿಕೊಂಡಿದ್ದೇವೆ. ಕೊಡುವ ಪಾಲು ಫ್ರೀಝರಿಗೆ ಹೋಗುವುದಿಲ್ಲ, ಅದೇ ದಿನ ಹೊರಗೆ ಹೋಗುತ್ತದೆ. ಬರಬೇಕಾದವರು ಬಾರದಿದ್ದರೆ ನೆರೆಯವರಿಗೆ ಸಲ್ಲುತ್ತದೆ. ನಮಗೆಂದು ಇಟ್ಟದ್ದರ ಮೇಲೆ ದಿನಾಂಕ ಬರೆಯುತ್ತೇವೆ. ಬಾಗಿಲಿಗೆ ಬಂದವರಿಗೆ 'ಇಲ್ಲ' ಎನ್ನುವ ಮೊದಲು ಎದ್ದು ಹೋಗಿ ನೋಡುತ್ತೇವೆ. ನೋಡಲು ಬೇಕಾದದ್ದು ಅರ್ಧ ನಿಮಿಷ. ಆ ಅರ್ಧ ನಿಮಿಷ ಅಂದು ನನ್ನಲ್ಲಿ ಇರಲಿಲ್ಲ.

ನಮ್ಮ ಮರೆವನ್ನು ಅಲ್ಲಾಹನು ಮನ್ನಿಸಲಿ. ನಮ್ಮಲ್ಲಿರುವ ಇತರರ ಪಾಲು ನಮಗೆ ಸಕಾಲದಲ್ಲಿ ನೆನಪಾಗುವಂತೆ ಮಾಡಲಿ. ಆಮೀನ್.