ಫಲಸಮರ್ಪಣೆ: ಕಾಣುವ ಕೈ, ಕಾಣದ ಕೈ

ಇಂಗ್ಲೆಂಡಿನ ರಾಜಮನೆತನದ ಕಲಾಸಂಗ್ರಹದಲ್ಲಿ ಸುಮಾರು 1675-80ರ ಅವಧಿಯ ವರ್ಣಚಿತ್ರವೊಂದಿದೆ. ವಿಶಾಲವಾದ ಉದ್ಯಾನ, ಹಿನ್ನೆಲೆಯಲ್ಲೊಂದು ಸೌಧ. ಮುಂದೆ ನಿಂತಿರುವಾತ ದೊರೆ ಎರಡನೆಯ ಚಾರ್ಲ್ಸ್. ಅವನೆದುರು ಮೊಣಕಾಲೂರಿದ ತೋಟಗಾರನೊಬ್ಬ ಅನಾನಸ್ ಹಣ್ಣನ್ನು ಒಪ್ಪಿಸುತ್ತಿದ್ದಾನೆ. ಈತ ಅರಮನೆಯ ಉದ್ಯಾನಪಾಲಕ ಜಾನ್ ರೋಸ್ ಎಂಬುದು ಬಹುಕಾಲದ ನಂಬಿಕೆ.

ಇಂಗ್ಲೆಂಡಿನ ನೆಲದಲ್ಲಿ ಬೆಳೆದ ಮೊದಲ ಅನಾನಸ್ ಇದೆಂದೂ ಹೇಳುತ್ತಿದ್ದರು. ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಆ ಶೀತದೇಶದಲ್ಲಿ ಕೃತಕವಾದ ಬಿಸುಪನ್ನು ಕೊಟ್ಟು ಅನಾನಸನ್ನು ಬೆಳೆಸುವ ವಿದ್ಯೆ ಚೆನ್ನಾಗಿ ಕೈಗೂಡಿದ್ದು ಹದಿನೆಂಟನೆಯ ಶತಮಾನದ ಆರಂಭದಲ್ಲಿ. ಅದಕ್ಕೆ ಮುಂಚೆ ಹಣ್ಣು ಹಡಗಿನಲ್ಲಿ ಬರುತ್ತಿತ್ತು. 1661ರಲ್ಲಿ ಬಾರ್ಬಡೋಸ್ ದ್ವೀಪದ ಅನಾನಸನ್ನು ಇದೇ ದೊರೆಗೆ ಒಪ್ಪಿಸಿದ ಸಂಗತಿ ಜಾನ್ ಈವ್ಲಿನ್ನನ ದಿನಚರಿಯಲ್ಲಿದೆ. ಆ ದ್ವೀಪದ ಸಿರಿಯೆಲ್ಲ ಆಫ್ರಿಕದಿಂದ ಸೆರೆಹಿಡಿದು ತಂದ ಗುಲಾಮರ ಬೆವರಿನ ಮೇಲೆ ನಿಂತಿತ್ತು. ಆ ಮಾನವ ವ್ಯಾಪಾರವನ್ನು ನಡೆಸಿದ ರಾಯಲ್ ಆಫ್ರಿಕನ್ ಕಂಪೆನಿಗೆ 1672ರಲ್ಲಿ ಸನ್ನದು ನೀಡಿದವನೂ ಇದೇ ದೊರೆ. ಚಿತ್ರದಲ್ಲಿ ದೊರೆಯ ಕಾಲಬಳಿ ನಾಯಿಗಳಿಗೂ ಸ್ಥಳವಿದೆ. ದ್ವೀಪದಲ್ಲಿ ದುಡಿದವರ ಸುಳಿವು ಮಾತ್ರ ಇಲ್ಲ.

ಹಾಗಾದರೆ ಒಂದು ಹಣ್ಣನ್ನು ಅರ್ಪಿಸುವವನು ನಿಜವಾಗಿ ಯಾರು? ತಟ್ಟೆ ಹಿಡಿದವನೋ, ಗಿಡ ನೆಟ್ಟವನೋ? ದೊರೆಯ ಮುಂದೆ ಹುಟ್ಟುವ ಈ ಪ್ರಶ್ನೆ ದೇವರ ಮುಂದೆಯೂ ತಪ್ಪುವುದಿಲ್ಲ.

ಎಲೆಯಾಗಲಿ, ಹಣ್ಣಾಗಲಿ, ಅರ್ಪಣೆಗೆ ಬೆಲೆ ಬರುವುದು ಭಕ್ತಿಯಿಂದ ಎಂಬುದು ಗೀತೆಯ ಅಭಿಪ್ರಾಯ. ಭಕ್ತಿಯೊಂದೇ ಸಾಕಾದರೆ ಹಣ್ಣಿನ ಹಿಂದಿನ ಕಥೆಯನ್ನು ಕೆದಕುವುದೇಕೆ ಎಂದು ಕೇಳಬಹುದು. ಆದರೆ ಆ ಮಾತು ಬಡವನ ಕಾಣಿಕೆಯನ್ನು ಕೀಳೆನ್ನಬಾರದೆಂದು ಹುಟ್ಟಿದ್ದು. ಬಡವನಿಂದ ಕಸಿದುಕೊಂಡದ್ದನ್ನು ಪಾವನಗೊಳಿಸಲೆಂದಲ್ಲ. ಅನ್ಯರ ನೋವಿಗೆ ಕಣ್ಣು ಮುಚ್ಚಿದವನು ದೇವರೆದುರು ಕಣ್ಣು ಮುಚ್ಚಿ ನಿಂತರೆ ಅದು ಧ್ಯಾನವೆನಿಸದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮರಿಗೆ ದಾಸೋಹ ನಡೆಸುತ್ತಿದ್ದನು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮ ಹೇಳಿದಳೆಂಬುದು ಶರಣ ಪರಂಪರೆಯ ಕಥೆ. ಆ ಅಕ್ಕಿಯೂ ದಾಸೋಹಕ್ಕೇ ಸಲ್ಲುತ್ತಿತ್ತು. ಆದರೂ ಉದ್ದೇಶದ ಹಿರಿಮೆ ಗಳಿಕೆಯ ದೋಷವನ್ನು ಮುಚ್ಚಲಾರದೆಂದು ಆ ತಾಯಿ ಬಲ್ಲಳು.

ಇಲ್ಲೊಂದು ತೊಡಕೂ ಉಂಟು. ಮಹಾನಗರದಲ್ಲಿ ನೆಲೆಸಿದವನಿಗೆ ಗಿಡವಿಲ್ಲ, ಹಿತ್ತಿಲಿಲ್ಲ. ದೇವರ ಮುಂದಿನ ಬಾಳೆಹಣ್ಣೂ ಪೇಟೆಯದೇ. ಬನವಾಸಿಯ ಸೀಮೆಯ ಅನಾನಸ್ ಹಲವು ಕೈಗಳನ್ನು ದಾಟಿ ದೂರದ ಊರನ್ನು ಸೇರುತ್ತದೆ. ಪ್ರತಿಯೊಂದರ ಮೂಲವನ್ನು ಶೋಧಿಸುತ್ತ ಕುಳಿತರೆ ಪೂಜೆಯೇ ನಡೆಯದು. ನಿಜ, ಕೊಂಡು ತಂದದ್ದು ದೋಷವಲ್ಲ. ಬೆಲೆ ಕೊಟ್ಟೊಡನೆ ಋಣ ತೀರಿತೆಂದು ಭಾವಿಸುವುದೇ ದೋಷ. ಕಾಣದ ಕೈಗಳನ್ನು ಎಣಿಸಲಾಗದಿದ್ದರೂ, ಕಣ್ಣೆದುರಿನ ಕೈಗಳಿಗೆ ನ್ಯಾಯ ಸಲ್ಲಿಸುವುದು ಯಾರಿಗೂ ಅಸಾಧ್ಯವಲ್ಲ.

ನವರಾತ್ರಿಯ ಆಯುಧಪೂಜೆಯಲ್ಲಿ ಗುದ್ದಲಿ, ತಕ್ಕಡಿ, ಯಂತ್ರಗಳಿಗೆಲ್ಲ ಅರಿಸಿನ ಕುಂಕುಮ ಸಲ್ಲುತ್ತದೆ. ದುಡಿಮೆಯ ಸಾಧನವೂ ಪೂಜ್ಯವೆನ್ನುವ ಈ ಸಂಪ್ರದಾಯ ದೊಡ್ಡದು. ಆದರೆ ಗುದ್ದಲಿಗೆ ಕುಂಕುಮವಿಟ್ಟು, ಅದನ್ನು ಹಿಡಿದವನ ಕೂಲಿಯಲ್ಲಿ ಚೌಕಾಸಿ ಮಾಡಿದರೆ ಪೂಜೆ ಅರ್ಧಕ್ಕೇ ನಿಂತಂತೆ. ಮನೆಗೆಲಸದವಳ ಸಂಬಳ, ಹಣ್ಣು ಮಾರುವವಳಿಗೆ ಸಲ್ಲಬೇಕಾದ ಬೆಲೆ, ಮೂಟೆ ಹೊತ್ತವನ ಕೂಲಿ, ಇವು ಹಬ್ಬದ ಮುನ್ನವೇ ಸಂದರೆ ನೈವೇದ್ಯದ ತಟ್ಟೆಯಲ್ಲಿ ಅವರ ಕೈಯೂ ಸೇರುತ್ತದೆ. ಚಿತ್ರಕಾರನು ಬಿಟ್ಟುಬಿಟ್ಟವರಿಗೆ ಭಕ್ತನ ಮನಸ್ಸಿನಲ್ಲಾದರೂ ಸ್ಥಳವಿರಬೇಕು.