ಯಕೃತ್ತಿನ ಮೂಲಕೋಶವೂ ಅನುಮೋದನೆಯ ಪ್ರಶ್ನೆಯೂ

ಗರ್ಭದಲ್ಲಿ ಒಂದೇ ಬಗೆಯ ಜನಕಕೋಶಗಳಿಂದ ಯಕೃತ್ತಿನ ಕೋಶಗಳೂ ಪಿತ್ತನಾಳದ ಕೋಶಗಳೂ ಕವಲೊಡೆಯುತ್ತವೆ. ಬೆಳೆದ ಯಕೃತ್ತು ಗಾಯಗೊಂಡರೆ ಅದರ ಕೋಶಗಳೇ ವಿಭಜನೆಗೊಂಡು ನಷ್ಟವನ್ನು ತುಂಬುತ್ತವೆ. ಆದರೆ ಮದ್ಯ, ಕಾಮಾಲೆಯ ವೈರಾಣು ಮೊದಲಾದವುಗಳ ದೀರ್ಘಪೀಡೆಯಿಂದ ಆ ಶಕ್ತಿ ಕುಂದಿ ಅಂಗವು ನಾರುಗಟ್ಟುತ್ತದೆ. ಆದುದರಿಂದಲೇ ವಿಜ್ಞಾನಿಗಳು ಮೂಲಕೋಶಗಳಿಂದ ಯಕೃತ್ಕೋಶಗಳನ್ನು ಬೆಳೆಸಲು ಯತ್ನಿಸುತ್ತಿದ್ದಾರೆ.

ಆ ಮೂಲಕೋಶ ಎಲ್ಲಿಂದ ಬಂದಿತು? ಬೂವನಹಳ್ಳಿಯ ಶ್ರಾವಕನಿಗೂ ಈ ಪ್ರಶ್ನೆ ದೂರದ್ದಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಮನೀಷಾ ಇನಾಮದಾರ್ ಮತ್ತು ಸಂಗಡಿಗರು, ಗರ್ಭಧಾರಣೆಗೆ ಅಯೋಗ್ಯವೆಂದು ತ್ಯಜಿಸಲಾದ ಮಾನವ ಭ್ರೂಣಗಳಿಂದ ಎರಡು ಮೂಲಕೋಶ ಸಂತತಿಗಳನ್ನು ಪಡೆದು 2009ರಲ್ಲಿ ಪ್ರಕಟಿಸಿದರು.

‘ಹೇಗೂ ನಾಶವಾಗುವುದಷ್ಟೆ’ ಎಂಬ ವಾದವು ವ್ರತಿಗೆ ಸಾಲದು. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಅಹಿಂಸಾವ್ರತವು ತೂಗುತ್ತದೆ. ಹಾಗೆಂದು ರೋಗಿಯ ನೋವಿಗೆ ಬೆನ್ನುಮಾಡುವುದೂ ದಯೆಯಲ್ಲ. 2007ರಲ್ಲಿ ಜಪಾನಿನ ಯಾಮಾನಾಕಾ ಅವರು ಮನುಷ್ಯನ ಚರ್ಮದ ಕೋಶಗಳನ್ನೇ ಮೂಲಕೋಶದ ಸ್ಥಿತಿಗೆ ಮರಳಿಸಿ, ಭ್ರೂಣವನ್ನು ಮುಟ್ಟದ ದಾರಿಯೊಂದನ್ನು ತೋರಿದರು.

ಯಕೃತ್ತಿಗೆ ಇಂತಹ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಆದುದರಿಂದ ಯಾವ ದಾರಿಗೆ ನಮ್ಮ ಸಮ್ಮತಿ ಎಂಬುದನ್ನು ಈಗಲೇ ವಿವೇಚಿಸಲು ಅವಕಾಶವಿದೆ. ಅಲ್ಪಹಿಂಸೆಯ ದಾರಿ ತೆರೆದಿರುವಾಗ ಅದನ್ನೇ ಬೇಡುವುದು, ಯಕೃತ್ತನ್ನು ಕೆಡಿಸುವ ಮದ್ಯವನ್ನು ಮೊದಲೇ ತ್ಯಜಿಸುವುದು: ಇವೆರಡೂ ಗೃಹಸ್ಥನ ಕೈಯೊಳಗಿನ ಧರ್ಮ.